ಹರವಿ ಮುನಿದ ಆರು ದಿನ

ನಮ್ಮ ಊರಿನಲ್ಲಿ ಕೊಂಡು ತಂದ ಮಡಕೆಯಲ್ಲಿ ಹೆಂಡ ಹುಳಿಯುವುದಿಲ್ಲ. ಮಡಕೆ ಒಂದೇ ಅಲ್ಲ, ರಾಗಿ ಹೆಂಡಕ್ಕೆ ಬೇಕಾದ ಸಾಮಾನು ಯಾವುದೇ ಇರಲಿ, ಗಂಜಿ ಕಾಯಿಸುವ ಹಂಡೆಯಿಂದ ಹಿಡಿದು ಬಾಯಿಗೆ ಕಟ್ಟುವ ಬಟ್ಟೆಯವರೆಗೆ, ನೀವು ಒಬ್ಬರ ಹತ್ತಿರ ಬಾಯಿಬಿಟ್ಟು ಕೇಳಿರಬೇಕು, ಅವರು 'ತಗೊಂಡು ಹೋಗು' ಎಂದು ಬಾಯಿಬಿಟ್ಟು ಕೊಟ್ಟಿರಬೇಕು. ಕೊಟ್ಟವರಲ್ಲಿ ಒಬ್ಬರ ಮನಸ್ಸಿನಲ್ಲಿ ನಿಮ್ಮ ಮೇಲೆ ಮುನಿಸಿದ್ದರೂ ಸಾಕು, ಹರವಿ, ಅಂದರೆ ಹೆಂಡದ ಆ ದೊಡ್ಡ ಮಡಕೆ, ಇದ್ದಲ್ಲೇ ನಿಂತುಬಿಡುತ್ತದೆ. ಕೆಡುವುದೂ ಇಲ್ಲ, ಹುಳಿಯುವುದೂ ಇಲ್ಲ. ಇದಕ್ಕೆ ನಾವು ಹರವಿ ಮುನಿಯಿತು ಎನ್ನುತ್ತೇವೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಊರಿನಲ್ಲಿ ಕೊಂಡ ಮಡಕೆಯಲ್ಲೂ ಹುಳಿಯುತ್ತದಂತಲ್ಲ, ಅದು ಯಾಕೆ ಎಂದು ನಾನು ಕೇಳಿದೆನೇ?

ಒಮ್ಮೆ ಹೊಳೆಗೆ ಸೇತುವೆ ಕಟ್ಟಿಸಲು ಬಂದ ಮೇಸ್ತ್ರಿಯೊಬ್ಬ ಥಳಥಳ ಹೊಳೆಯುವ ಸ್ಟೀಲಿನ ಡ್ರಮ್ಮು, ಗ್ಯಾಸಿನ ಒಲೆ, ಕಾವು ಅಳೆಯುವ ಗಾಜಿನ ಕಡ್ಡಿ ಎಲ್ಲವನ್ನೂ ಲಾರಿಯಲ್ಲಿ ಹೇರಿಕೊಂಡು ಬಂದ. ಇಪ್ಪತ್ತು ದಿನ ಕಾದ. ಒಳಗಿನ ಸಿಹಿ ಗಂಜಿ ಸಿಹಿ ಗಂಜಿಯಾಗಿಯೇ ಇತ್ತು. ಕೊನೆಗೆ ಯಾರೋ ಅವನಿಗೆ, ಆ ಡ್ರಮ್ಮನ್ನು ಪಕ್ಕದ ಮನೆಯವನು ಕೇಳುತ್ತಿದ್ದಾನೆ, ಕೊಟ್ಟುಬಿಡು, ಅವನ ಹಳೇ ಹರವಿಯನ್ನು ನೀನು ಕೇಳಿ ತಗೋ ಎಂದು ಉಪಾಯ ಹೇಳಿಕೊಟ್ಟರು. ಇಬ್ಬರದ್ದೂ ಹುಳಿಯಿತು. ಸೇತುವೆ ಮುಗಿದ ಮೇಲೂ ಆ ಮೇಸ್ತ್ರಿ ಎರಡು ತಿಂಗಳು ಊರು ಬಿಡಲಿಲ್ಲ. ನಮ್ಮ ಪಾತ್ರೆ ಅಂಗಡಿಯವನಂತೂ ಹೊಸ ಹಂಡೆ ಮಾರುವಾಗ 'ಯಾರಿಗೆ ಕೊಡೋಕೆ?' ಎಂದೇ ಕೇಳುತ್ತಾನೆ. ಜಗಳವಿದ್ದವರು ಹೆಂಡ ಹುಳಿದು ಹರವಿ ಇಳಿಸಿದ ಮೇಲೆ ಆಡೋಣ ಎಂದು ಮುಂದಕ್ಕೆ ಹಾಕುತ್ತಾರೆ. ಇಳಿಸಿದ ಮೇಲೆ ಕುಡಿದು ಮರೆತುಬಿಡುತ್ತಾರೆ.

ಇಂಥ ಊರಿನಲ್ಲಿ ಹುಟ್ಟಿಯೂ ನಾನು, ಚನ್ನಾಜಮ್ಮ, ಅರವತ್ತು ವರ್ಷ ಯಾರ ಹಂಗಿಗೂ ಬೀಳದೆ ಬದುಕಿದವಳು. ಒಲೆ ಹಚ್ಚಲು ಬೆಂಕಿಕಡ್ಡಿ ಇಲ್ಲದಿದ್ದರೆ ತಂಗಳು ತಿಂದು ಮಲಗಿದ್ದೇನೆಯೇ ಹೊರತು ಪಕ್ಕದ ಮನೆಯ ಬಾಗಿಲು ಬಡಿದವಳಲ್ಲ. ನಮ್ಮವ್ವ ನನಗೆ ಕಲಿಸಿದ ಬುದ್ಧಿ ಅದೊಂದೇ, ಕೈ ಚಾಚಬೇಡ ಎಂದು. ನಮ್ಮ ಯಜಮಾನರು ಇದಕ್ಕೆ ತೀರ ವಿರುದ್ಧ. ದೊಡ್ಡಬೋರಯ್ಯ ಅಂದರೆ ಊರಿಗೇ ಗೊತ್ತು. ಹೆಂಚು ಹೊದಿಸುವ ಕೆಲಸ. ಊರಿನ ಪ್ರತಿ ಮನೆಯ ಸೂರಿನ ಮೇಲೂ ಹತ್ತಿ ಇಳಿದವರು, ಇಳಿಯುವಾಗ ಆ ಮನೆಯವರ ಹತ್ತಿರ ಏನಾದರೊಂದು ಕೇಳದೆ ಬಂದವರಲ್ಲ. ಒಂದು ಚಿಟಿಕೆ ಸುಣ್ಣ, ಒಂದು ಮೊಳ ಹಗ್ಗ, ಕೊನೆಗೆ ಒಂದು ಮಾತು. ನನಗೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು. 'ಕೇಳಿದ್ರೆ ಕೊಡೋರಿಗೂ ಒಂಥರಾ ಖುಷಿ ಕಣೆ' ಎಂದು ನಗುತ್ತಿದ್ದರು.

ಹೀಗೆ ಕೇಳಿ ಕೇಳಿಯೇ ಅವರು ಹದಿನೆಂಟು ಮನೆಯಿಂದ ಹದಿನೆಂಟು ಸಾಮಾನು ತಂದು ಹಿತ್ತಿಲಿನ ನುಗ್ಗೆಮರದ ಕೆಳಗೆ ಹೆಂಡದ ಜಾಗ ಮಾಡಿಕೊಂಡಿದ್ದರು. ಒಂದು ಮೊಳ ಆಳದ ಕುಳಿ, ಅದರಲ್ಲಿ ಭತ್ತದ ಹೊಟ್ಟು, ಹೊಟ್ಟಿನ ನಡುವೆ ಹರವಿ. ಬೆಳಿಗ್ಗೆ ಎದ್ದ ಕೂಡಲೇ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಹರವಿಗೆ ಕಿವಿಯಿಟ್ಟು ಕೇಳುವುದು ಅವರ ಪೂಜೆ. ನಾನು ಒಂದು ದಿನವೂ ಆ ಕಡೆ ಹೋದವಳಲ್ಲ. ಹಬ್ಬಕ್ಕೆ ಅರ್ಧ ಲೋಟ ಕುಡಿದು, ಹುಳಿ ಜಾಸ್ತಿ ಎಂದೋ ಕಡಿಮೆ ಎಂದೋ ಒಂದು ಕೊಂಕು ತೆಗೆದು ಒಳಗೆ ಹೋಗುತ್ತಿದ್ದೆ.

ಹೋದ ವರ್ಷ ಕಾರ್ತೀಕದಲ್ಲಿ ಮೂರು ದಿನದ ಜ್ವರಕ್ಕೆ ಅವರು ಹೋದರು. ಹರವಿ ಇಡುತ್ತಿದ್ದವರು ಹೋದರೆ ತಿಥಿಯ ಮಾರನೆಯ ದಿನ ಸಾಮಾನೆಲ್ಲ ಕೊಟ್ಟವರ ಮನೆಗೆ ವಾಪಸು ಹೋಗಬೇಕು. ಹದಿನೆಂಟು ಜನ ಬಂದರು, ಕೊಟ್ಟೆ. ಒಳ್ಳೆಯ ಮಾತಿನಿಂದ ಕೊಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ದುಃಖವೋ ಸಿಟ್ಟೋ, ಎರಡೂ ಕಲಸಿಹೋಗಿತ್ತು. ಎದುರು ಮನೆಯ ಮರಿಲಿಂಗಮ್ಮನಿಗಂತೂ ಅವಳ ಮೊರವನ್ನು ಜಗಲಿಯ ಮೇಲೆ ಎಸೆದು 'ತಗೊಳೇ ನಿನ್ನ ಮೊರ' ಎಂದಿದ್ದೆ. ಅವಳಿಗೂ ನನಗೂ ಹನ್ನೊಂದು ವರ್ಷದ ಹಗೆ. ನಮ್ಮ ನುಗ್ಗೆಯ ಕೊಂಬೆಯೊಂದು ಅವಳ ಹೆಂಚಿನ ಮೇಲೆ ಬಾಗಿತ್ತು, ಅವಳು ಕಾಯಿ ಕಿತ್ತಳು, ನಾನು ಕೊಂಬೆಯನ್ನೇ ಕಡಿಸಿದೆ.

ಇನ್ನೊಂದು ಪದ್ಧತಿಯೂ ಇದೆ. ಸತ್ತವರ ವರ್ಷದ ಎಡೆಯ ದಿನ ಆ ಮನೆಯ ಕುಳಿಯಲ್ಲೇ ಹುಳಿದ ಹೆಂಡವನ್ನು ಊರವರಿಗೆ ಬಡಿಸಬೇಕು. ಇಲ್ಲವಾದರೆ ನಾಲ್ಕು ಜನ ಹಿರಿಯರು ಬಂದು ಕುಳಿಗೆ ಮಣ್ಣು ತುಂಬುತ್ತಾರೆ. ಯಾರೂ ಬೈಯುವುದಿಲ್ಲ, ತಲೆ ಸವರಿ ಸಮಾಧಾನ ಹೇಳಿಯೇ ತುಂಬುತ್ತಾರೆ, ಆದರೆ ತುಂಬಿದ ಕುಳಿಯನ್ನು ಆ ಮನೆಯವರು ಮತ್ತೆ ಅಗೆಯುವಂತಿಲ್ಲ. ವರ್ಷವೆಲ್ಲ ನಾನು ಆ ಕುಳಿಯನ್ನು ನೋಡಿದೆ. ಹೊಟ್ಟಿನಲ್ಲಿ ಹರವಿಯ ತಳದ ಗುರುತು ಹಾಗೇ ಇತ್ತು, ಪಕ್ಕದಲ್ಲಿ ಅವರು ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆದಿರಲಿಲ್ಲ. ಮಗ ಮಾದೇಶನನ್ನು ಹರವಿ ಇಡುತ್ತೀಯಾ ಎಂದು ಕೇಳಿದರೆ, ಅವನು ನೀರಿನ ಪಂಪ್‌ಹೌಸಿನಲ್ಲಿ ಕೆಲಸ ಮಾಡುವವನು, 'ನಂಗೆ ಇವೆಲ್ಲ ಬರಲ್ಲಮ್ಮ' ಎಂದ. ಎಡೆಗೆ ಎರಡು ತಿಂಗಳಿರುವಾಗ ಒಂದು ಬೆಳಿಗ್ಗೆ, ಆ ಕುಳಿಗೆ ಮಣ್ಣು ಹಾಕಿದರೆ ಅವರನ್ನು ಎರಡನೇ ಸಲ ಮಣ್ಣು ಮಾಡಿದ ಹಾಗೆ ಎಂದು ನನಗೆ ಅನ್ನಿಸಿಬಿಟ್ಟಿತು. ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಅತ್ತಾದ ಮೇಲೆ ಮುಖ ತೊಳೆದುಕೊಂಡು ಕುಂಬಾರ ಮುದ್ದಯ್ಯನ ಮನೆಗೆ ಹೊರಟೆ.

ಹೊರಟದ್ದೇನೋ ಸರಿ, ಕೇಳಲು ಬಾಯಿ ಬರಬೇಕಲ್ಲ. ಮೊದಲ ದಿನ ಬಿಸಿಲಿನ ವಿಷಯ ಮಾತಾಡಿ ಬಂದೆ. ಎರಡನೇ ದಿನ ಅವನ ಸೊಂಟನೋವಿನ ವಿಷಯ. ಮೂರನೇ ದಿನ ಏನೂ ವಿಷಯ ಸಿಗದೆ ತಿಗರಿಯ ಮುಂದೆ ಸುಮ್ಮನೆ ನಿಂತೆ. ಮುದ್ದಯ್ಯ ತಿರುಗುತ್ತಿದ್ದ ತಿಗರಿ ನಿಲ್ಲಿಸಿ, ಕೈಯ ಮಣ್ಣು ಒರೆಸಿಕೊಂಡ.

"ಹರವಿ ಬೇಕಾದ್ರೆ ಕೇಳ್ಬಿಡಿ ಚನ್ನಾಜವ್ವ. ಸುಟ್ಟು ಇಟ್ಟು ಮೂರು ದಿನ ಆಯ್ತು. ನಾನಾಗೇ ಕೊಟ್ರೆ ಅದು ಹುಳಿಯಾಕಿಲ್ವಲ್ಲ."

ಕೇಳಿದೆ. ಕೇಳುವಾಗ ಕಿವಿಯೆಲ್ಲ ಬಿಸಿಯಾಯಿತು. ಆದರೆ ಅವನು 'ತಗೊಂಡೋಗಿ' ಎನ್ನುವಾಗ ಅವನ ಮುಖ ನೋಡಿದೆ. ಕೊಡುವವನ ಮುಖ ಹಾಗೆ ಅರಳುತ್ತದೆ ಎಂದು ಅರವತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ಎರಡು ಕೊಡ ನೀರು ಹಿಡಿಯುವ ಹರವಿ, ಅದಕ್ಕೆ ಸರಿಯಾದ ಮುಚ್ಚಳ. ಹೆಂಡ ಇಡುವುದನ್ನು ಕಲಿಸಿದವನೂ ಅವನೇ. ಬೋರಣ್ಣನ ಹಾಗೆ ಹದಿನೆಂಟು ಬೇಡ, ಎಂಟು ಸಾಮಾನಿನಲ್ಲಿ ಮುಗಿಸಬಹುದು ಎಂದು ಬೆರಳು ಮಡಿಸಿ ಲೆಕ್ಕ ಹೇಳಿದ. ಮುಚ್ಚಳ ಹಾಕಿ ಮಣ್ಣು ಮೆತ್ತಿದ ಮೇಲೂ ಗಂಜಿ ತಿರುವುವ ಕೋಲು ಹರವಿಯ ಒಳಗೇ ಇರಬೇಕು, ಬರಿಯ ಗಂಜಿಗೆ ಬೆನ್ನೆಲುಬು ಇರುವುದಿಲ್ಲ ಎಂದ. ಕೋಲು ಯಾರ ಹತ್ತಿರ ಕೇಳುತ್ತೀರಿ ಎಂದಾಗ, ಅದು ಮನೆಯಲ್ಲೇ ಇದೆ ಬಿಡು ಎಂದೆ.

ಮುದ್ದಯ್ಯನ ಹತ್ತಿರ ಕೇಳಿದ ಮೇಲೆ ಬಾಯಿ ಸ್ವಲ್ಪ ಸಡಿಲಾಯಿತು. ತಾಮ್ರದ ಹಂಡೆಯನ್ನು ಮೇಲಿನ ಬೀದಿಯ ಟೀಚರಮ್ಮ ಕೊಟ್ಟರು. ಈಚಲ ಚಾಪೆ ಒಬ್ಬರ ಮನೆಯದು, ಬಾಯಿಗೆ ಕಟ್ಟುವ ಹಳೇ ಪಂಚೆ ಇನ್ನೊಬ್ಬರ ಮನೆಯದು. ಹೆಪ್ಪಿನ ಉಂಡೆ ಕೊಟ್ಟ ಅಜ್ಜಿ ಅದನ್ನು ತನ್ನ ಮೊಮ್ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದು ತಂದಿತು. ನಮ್ಮ ಯಜಮಾನರು ಬಿದಿರಿನ ಕೊಳವೆ ಇಡುತ್ತಿದ್ದ ಜಾಗಕ್ಕೆ ನಾನು ಆಸ್ಪತ್ರೆಯ ಕಾಂಪೌಂಡರ್ ಗುರುಪಾದಪ್ಪನ ಹತ್ತಿರ ಹೋಗಿ ಗ್ಲೂಕೋಸಿನ ಕೊಳವೆ ಕೇಳಿದೆ. ಮುಚ್ಚಳಕ್ಕೆ ತೂತು ಮಾಡಿ, ಕೊಳವೆಯ ಒಂದು ತುದಿ ಹರವಿಗೆ, ಇನ್ನೊಂದು ತುದಿ ನೀರು ತುಂಬಿದ ಬಾಟಲಿಗೆ. ಹುಳಿಯಲು ಶುರುವಾದರೆ ಬಾಟಲಿಯ ನೀರು ಗುಳುಕ್ ಗುಳುಕ್ ಎನ್ನುತ್ತದೆ, ಹೊರಗಿನ ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಇದು ನನ್ನದೇ ಬುದ್ಧಿ. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ.

ಮೊರಕ್ಕೆ ಮಾತ್ರ ಮರಿಲಿಂಗಮ್ಮನ ಮನೆಗೇ ಹೋಗಬೇಕಾಯಿತು, ಅಷ್ಟು ಅಗಲದ ಮೊರ ಬೇರೆ ಯಾರಲ್ಲೂ ಇಲ್ಲ. ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ, ಮೊರ ಬೇಕು ಎಂದೆ. ಅವಳು ಒಳಗೆ ಹೋಗಿ ತಂದು, ನಾನು ಎಸೆದಿದ್ದ ಹಾಗೆಯೇ ಜಗಲಿಯ ಮೇಲೆ ಎಸೆದು 'ತಗೊಂಡು ಹೋಗೇ' ಎಂದಳು. ಕೊಟ್ಟದ್ದು ಕೊಟ್ಟದ್ದೇ ಎಂದು ಎತ್ತಿಕೊಂಡು ಬಂದೆ.

ಎಂಟನೆಯದು ಕೋಲು. ಅಡಿಗೆಮನೆಯ ಮೊಳೆಗೆ ಒಂದು ಮುದ್ದೆಕೋಲು ನೇತಾಡುತ್ತಿತ್ತು, ಹಳೆಯದು, ಗಟ್ಟಿ ಮರದ್ದು, ಹಿಡಿದರೆ ಎಣ್ಣೆ ಹಚ್ಚಿದಷ್ಟು ನುಣುಪು. ಸೊಸೆ ಜಯಶೀಲ ದಿನಾ ಅದರಲ್ಲೇ ಮುದ್ದೆ ತಿರುವುತ್ತಿದ್ದಳು. ಮನೆಯ ಸಾಮಾನಿಗೆ ಕೇಳುವುದೇನು, ಕೊಡುವುದೇನು? ತೆಗೆದುಕೊಂಡೆ. ಹರವಿಗೆ ಇಳಿಸಿದರೆ ಹಿಡಿಯ ಕಡೆ ಒಂದು ಗೇಣು ಮೇಲೆ ಉಳಿಯಿತು, ಮುಚ್ಚಳ ಕೂರಲಿಲ್ಲ. ಮಚ್ಚು ತಂದು ಆ ಒಂದು ಗೇಣನ್ನು ಕಡಿದು ಎಸೆದೆ. ಜಯಶೀಲ ಬಾವಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದವಳು ತಲೆಯೆತ್ತಿ ನೋಡಿದಳು. ಮತ್ತೆ ಪಾತ್ರೆಗೆ ಬಗ್ಗಿದಳು. ಅವಳು ಮಾತು ಕಮ್ಮಿಯ ಹುಡುಗಿ, ಮದುವೆಯಾಗಿ ನಾಲ್ಕು ವರ್ಷದಲ್ಲಿ ನನಗೆ ಎದುರು ಆಡಿದವಳಲ್ಲ. ಅದನ್ನು ನಾನು ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ಮೊದಲ ಸಲ ರಾಗಿ ಮೊಳಕೆ ಕಟ್ಟಿದಾಗ ನೀರು ಹೆಚ್ಚಾಗಿ ನಾತ ಹಿಡಿಯಿತು, ಕೋಳಿಗೆ ಹಾಕಿದೆ. ಎರಡನೇ ಸಲ ಮೊಳಕೆ ಬೆಳ್ಳಗೆ, ಒಂದೇ ಸಮನೆ ಬಂತು. ಚಾಪೆಯ ಮೇಲೆ ಒಣಗಿಸಿ, ತಿಕ್ಕಿ, ಮೊರದಲ್ಲಿ ಕೇರಿ, ತರಿಯಾಗಿ ಬೀಸಿ, ಹಂಡೆಯಲ್ಲಿ ಗಂಜಿ ಕಾಯಿಸಿ, ಬೆರಳು ಸುಡದಷ್ಟು ಆರಿಸಿ, ಮೊಳಕೆ ಹಿಟ್ಟು ಕಲಸಿ, ಹೆಪ್ಪಿನ ಉಂಡೆ ಪುಡಿ ಮಾಡಿ ಉದುರಿಸಿದೆ. ಎಡೆಗೆ ಹನ್ನೆರಡು ದಿನವಿರುವಾಗ ಹರವಿ ಕುಳಿಯಲ್ಲಿ ಕೂತಿತು. ಯಜಮಾನರ ಹರವಿಯ ಗುರುತಿನಲ್ಲೇ, ಸರಿಯಾಗಿ. ಎರಡನೇ ದಿನಕ್ಕೆ ಗುಳುಕ್ ಎನ್ನುತ್ತದೆ, ಐದು ದಿನಕ್ಕೆ ಕುಡಿಯಲು ಬರುತ್ತದೆ ಎಂದು ಮುದ್ದಯ್ಯ ಹೇಳಿದ್ದ.

ಎರಡನೇ ದಿನ ಬಾಟಲಿ ಸುಮ್ಮನಿತ್ತು. ಮೂರನೇ ದಿನವೂ ಸುಮ್ಮನಿತ್ತು. ಗುರುಪಾದಪ್ಪ ಡ್ಯೂಟಿ ಮುಗಿಸಿ ಬಂದು, ಕೊಳವೆಯನ್ನು ಬೆರಳಲ್ಲಿ ತಟ್ಟಿ, ಗಡಿಯಾರ ನೋಡಿ, ಕಾಯಿಲೆಯವರ ಮನೆಯವರಿಗೆ ಹೇಳುವ ಧ್ವನಿಯಲ್ಲಿ 'ನಾಳೆವರೆಗೂ ನೋಡೋಣ' ಎಂದ. ನಾಲ್ಕನೇ ದಿನ ಮುದ್ದಯ್ಯ ಮುಚ್ಚಳ ಸರಿಸಿ ಮೂಸಿ ನೋಡಿದ. ಕೆಟ್ಟ ವಾಸನೆಯಿಲ್ಲ, ಹುಳಿಯ ವಾಸನೆಯೂ ಇಲ್ಲ. ಹರವಿ ಮುನಿದಿದೆ ಎಂದು ಹೇಳಿ, ಮುಚ್ಚಿ, ಮತ್ತೆ ಮೆತ್ತಿ, ಯಾರಿಗೆ ಏನು ಬೇಜಾರು ಮಾಡಿದ್ದೀರೋ ಹೋಗಿ ನೋಡಿ ಚನ್ನಾಜವ್ವ ಎಂದು ಹೋದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಾರಿಗೆ ಬೇಜಾರು ಎಂದ ಕೂಡಲೇ ನನಗೆ ಇಡೀ ಊರೇ ನೆನಪಾಯಿತು. ತಿಥಿಯ ಮಾರನೆಯ ದಿನ ಎಲ್ಲರಿಗೂ ಗಂಟುಮುಖ ತೋರಿಸಿದವಳಲ್ಲವೇ ನಾನು. ಮಡಿಲ ತುಂಬ ನುಗ್ಗೆಕಾಯಿ ಕಟ್ಟಿಕೊಂಡು ಮನೆಮನೆಗೆ ಹೊರಟೆ. ಟೀಚರಮ್ಮ ನುಗ್ಗೆಕಾಯಿ ತೆಗೆದುಕೊಂಡು, ಬೇಜಾರೆಲ್ಲಿಯದು, ನಿಮ್ಮ ಯಜಮಾನರು ನಮ್ಮ ಸೂರು ಸೋರುತ್ತಿದ್ದಾಗ ಕರೆಯದೇ ಬಂದು ಮೂರು ಹೆಂಚು ಬದಲಿಸಿದ್ದರು, ಹಂಡೆ ಕೇಳಲು ನೀವು ಬಂದಾಗ ನನಗೆ ಸಮಾಧಾನವಾಯಿತು ಎಂದರು. ಚಾಪೆಯವರು ಕೂರಿಸಿ ಕಾಫಿ ಕೊಟ್ಟರು. ಪಂಚೆಯವರು ನಮ್ಮ ಯಜಮಾನರ ತಮಾಷೆಗಳನ್ನು ನೆನೆದು ನಕ್ಕು ನನ್ನನ್ನೂ ನಗಿಸಿದರು. ಹೆಪ್ಪಿನ ಅಜ್ಜಿ ನನ್ನ ಗಲ್ಲ ಹಿಡಿದು, ನೀನು ನನ್ನ ಮನೆಗೆ ಬಂದದ್ದೇ ಇದು ಎರಡನೇ ಸಲ, ಎರಡೂ ಈ ತಿಂಗಳೇ ಎಂದಿತು. ಅದು ನಿಜ. ಎರಡು ಓಣಿಯಾಚೆ ಇರುವ ಮನೆಗೆ ಅರವತ್ತು ವರ್ಷದಲ್ಲಿ ನಾನು ಕಾಲಿಟ್ಟಿರಲಿಲ್ಲ. ಹಂಗು ಹಂಗು ಎಂದು ಹೆದರಿ ನಾನು ಎಷ್ಟು ಮನೆಯ ಕಾಫಿ ಕಳೆದುಕೊಂಡಿದ್ದೆನೋ. ಎದೆ ತುಂಬಿ ಬಂದು ಬೀದಿಯಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆದರೆ ಮನೆಗೆ ಬಂದು ನೋಡಿದರೆ ಬಾಟಲಿ ಸುಮ್ಮನಿತ್ತು.

ಉಳಿದವಳು ಮರಿಲಿಂಗಮ್ಮ. ಐದನೇ ದಿನವೆಲ್ಲ ಹೋಗಲೋ ಬೇಡವೋ ಎಂದು ಒದ್ದಾಡಿ ಆರನೇ ದಿನ ಮಧ್ಯಾಹ್ನ ಹೋದೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಕೊಂಬೆ ಕಡಿಸಿದ್ದು ತಪ್ಪು, ಮೊರ ಎಸೆದದ್ದೂ ತಪ್ಪು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹೇಳಿ ಮುಗಿಸಿದ ಮೇಲೆ ಅವಳ ಪಕ್ಕದಲ್ಲೇ ಕೂತೆ. ಅವಳು ಸುಲಿಯುವುದನ್ನು ನಿಲ್ಲಿಸದೆ ಒಂದು ಹಿಡಿ ಕಾಯಿ ನನ್ನ ಮುಂದೆ ತಳ್ಳಿದಳು.

"ನಂಗೆ ಮುನಿಸಿದ್ರೆ ನಿನ್ನ ಬಾಗ್ಲಿಗೆ ಬಂದು ಬೈತೀನಿ ಕಣೆ, ಹರವಿ ಹತ್ರ ಹೇಳಿ ಕಳ್ಸಲ್ಲ. ಹನ್ನೊಂದು ವರ್ಷ ಬೈದಿಲ್ವಾ? ಮೊರ ಕೇಳಕ್ಕೆ ನೀನು ಬಂದ ದಿನಾನೇ ಅದೆಲ್ಲ ಮುಗೀತು."

ಹಾಗಾದರೆ ಇನ್ನು ಯಾರು ಎಂದೆ. ಯಾರ್ಯಾರ ಮನೆಯಿಂದ ಏನೇನು ತಂದೆ ಹೇಳು ಎಂದಳು. ಒಂದೊಂದೇ ಹೇಳುತ್ತ ಬಂದೆ. ಏಳಾಯಿತು.

"ಎಂಟನೇದು?"

"ಕೋಲು. ಅದು ಮನೇದೇ."

"ಮನೇದು ಅಂದ್ರೆ ಯಾರ್ದು?" ಎಂದು ಮರಿಲಿಂಗಮ್ಮ ಸುಲಿಯುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಆ ಕೋಲು ನನ್ನ ಕಾಲದ್ದಲ್ಲ, ನನ್ನ ಅತ್ತೆಯದೂ ಅಲ್ಲ. ಅದು ನಾಲ್ಕು ವರ್ಷದ ಹಿಂದೆ ಜಯಶೀಲಳ ಟ್ರಂಕಿನ ಜೊತೆ ಬಂದದ್ದು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಆ ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು. ಮನೆಗೆ ಬಂದು ಅಡಿಗೆಮನೆಗೆ ಹೋದೆ. ಮೊಳೆ ಬರಿದಾಗಿತ್ತು. ಕೋಲು ತೆಗೆದ ದಿನದಿಂದ ಜಯಶೀಲ ಯಾವುದೋ ಸೌದೆಯ ತುಂಡಿನಲ್ಲಿ ಮುದ್ದೆ ತಿರುವುತ್ತಿದ್ದಾಳೆ, ಮುದ್ದೆ ಗಂಟಾಗಿದೆ ಎಂದು ನಾನು ಎರಡು ಸಲ ಆಡಿಯೂ ಇದ್ದೆ. ಮೊಳೆಯ ಕೆಳಗಿನ ಗೂಡಿನಲ್ಲಿ ಅರಿಶಿನದ ಡಬ್ಬಿಯ ಹಿಂದೆ ಒಗೆದ ಬಟ್ಟೆಯಲ್ಲಿ ಸುತ್ತಿಟ್ಟ ಏನೋ ಇತ್ತು. ಬಿಚ್ಚಿದೆ. ನಾನು ಕಡಿದು ಎಸೆದಿದ್ದ ಆ ಒಂದು ಗೇಣು. ಹಿಡಿಯ ಮೇಲೆ ಹೆಬ್ಬೆರಳು ಕೂರುವಲ್ಲಿ ಒಂದು ಗುಳಿ, ವರ್ಷಾನುಗಟ್ಟಲೆ ಒಂದೇ ಕೈ ತಿರುವಿ ತಿರುವಿ ಬಿದ್ದ ಗುಳಿ. ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಹಿಡಿಸಲಿಲ್ಲ. ನನ್ನದಕ್ಕಿಂತ ಸಣ್ಣ ಕೈಯದು.

ಜಯಶೀಲ ನೀರಿನ ಕೊಡ ಹೊತ್ತು ಬಂದವಳು ನನ್ನ ಕೈಯಲ್ಲಿದ್ದದ್ದನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಇದು ನಿಮ್ಮವ್ವನದಾ ಎಂದು ಕೇಳಿದೆ. ಹೂಂ ಎಂದಳು. ಅವ್ವ ತೀರಿಕೊಂಡ ಮೇಲೆ ಅಣ್ಣಂದಿರು ನಿನಗೇನು ಬೇಕು ಎಂದರಂತೆ, ಅವಳು ಇದೊಂದು ಸಾಕು ಎಂದಳಂತೆ. ಮುದ್ದೆ ತಿರುವುವಾಗ ಆ ಗುಳಿಯಲ್ಲಿ ಬೆರಳಿಟ್ಟರೆ ಅವ್ವನ ಕೈ ಹಿಡಿದ ಹಾಗಿರುತ್ತಿತ್ತು ಎಂದು ಕೊಡ ಇಳಿಸುತ್ತ ಹೇಳಿದಳು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದಳು.

"ಹೇಳ್ಬಾರ್ದಿತ್ತೇನೆ ನಂಗೆ?"

"ನೀವು ಕೇಳ್ಲಿಲ್ವಲ್ಲ ಅತ್ತೆ. ಊರೆಲ್ಲ ಸುತ್ತಿ ಕೇಳಿದ್ರಿ. ನಾನು ಇಲ್ಲೇ ಇದ್ದೆ."

ಅವಳು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ನಾನೂ ಜೋರು ಮಾಡಿ ಗೆಲ್ಲುತ್ತಿದ್ದೆನೇನೋ. ಹಿತ್ತಿಲಿಗೆ ಹೋಗಿ, ಮೆತ್ತಿದ ಮಣ್ಣು ಒಡೆದು, ಮುಚ್ಚಳ ತೆಗೆದು, ಕೋಲನ್ನು ಹೊರಗೆಳೆದೆ. ಬಾವಿಯ ನೀರಿನಲ್ಲಿ ಎರಡು ಸಲ ತೊಳೆದು, ನನ್ನ ಸೆರಗಿನಿಂದಲೇ ಒರೆಸಿ, ಕಡಿದ ತುಂಡಿನ ಜೊತೆ ಅವಳ ಕೈಗೆ ಕೊಟ್ಟು, ತಪ್ಪಾಯಿತು ಕಣವ್ವ ಎಂದೆ. ಈ ಮಾತನ್ನು ನಾನು ಸ್ವಲ್ಪ ಹೊತ್ತಿಗೆ ಮುಂಚೆ ಎದುರು ಮನೆಯಲ್ಲಿ ಒಂದೇ ಉಸಿರಿಗೆ ಹೇಳಿ ಬಂದಿದ್ದೆ. ಇಲ್ಲಿ ಎರಡು ಸಲ ಹೇಳಬೇಕಾಯಿತು. ಅವಳು ಎರಡನ್ನೂ ತೆಗೆದುಕೊಂಡು ಒಳಗೆ ಹೋದಳು. ಕೋಲು ಕೊಡು ಎಂದು ನಾನು ಕೇಳಲಿಲ್ಲ. ಆ ಹೊತ್ತಿನಲ್ಲಿ ಕೇಳಿದ್ದರೆ ಅದು ಕೇಳಿದ ಹಾಗಲ್ಲ, ಕಿತ್ತುಕೊಂಡ ಹಾಗೆ.

ಮಾರನೆಯ ದಿನ ಬೆಳಿಗ್ಗೆ ಮುದ್ದಯ್ಯನ ಮನೆಗೆ ಹೋಗಿ, ಎಡೆಯ ದಿನ ಹಿರಿಯರನ್ನು ಕರೆದುಕೊಂಡು ಗುದ್ದಲಿ ಸಮೇತ ಬಂದುಬಿಡು ಎಂದು ಹೇಳಿದೆ. ಬೇರೆ ಯಾರ ಹತ್ತಿರವಾದರೂ ಕೋಲು ಕೇಳಬಹುದಲ್ಲ ಎಂದ. ಕೇಳಬಹುದಿತ್ತು. ಆದರೆ ಮನೆಯವಳ ಮನಸ್ಸು ನೋಯಿಸಿ, ಪ್ರಾಯಶ್ಚಿತ್ತಕ್ಕೆ ಪಕ್ಕದ ಮನೆಯ ಕೋಲು ತಂದರೆ ಹರವಿ ಹುಳಿದರೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹೇಳಿ ಬಂದೆ. ದಾರಿಯುದ್ದಕ್ಕೂ ಯಜಮಾನರಿಗೆ ಮನಸ್ಸಿನಲ್ಲೇ ಹೇಳುತ್ತ ಬಂದೆ, ನೋಡಿ, ಕೇಳುವುದನ್ನು ನಾನು ಕಲಿತದ್ದು ತಡವಾಯಿತು, ಕ್ಷಮಿಸಿಬಿಡಿ ಎಂದು.

ಹಿತ್ತಿಲ ಬಾಗಿಲು ತೆರೆದಿತ್ತು. ಜಯಶೀಲ ಕುಳಿಯ ಪಕ್ಕದಲ್ಲಿ, ಹುಲ್ಲು ಬೆಳೆಯದ ಆ ಜಾಗದಲ್ಲೇ ಮಂಡಿಯೂರಿ ಕೂತು ಹರವಿಯೊಳಗೆ ಕೈ ಇಳಿಸಿ ತಿರುವುತ್ತಿದ್ದಳು. ಕೋಲು ಗಿಡ್ಡವಾಗಿದ್ದರಿಂದ ತೋಳು ಮೊಣಕೈಯವರೆಗೂ ಗಂಜಿಯಲ್ಲಿ ಮುಳುಗಿತ್ತು. ಬಳೆಯನ್ನೆಲ್ಲ ಬಿಚ್ಚಿ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ನನ್ನ ನೆರಳು ಬಿದ್ದದ್ದನ್ನು ನೋಡಿ ತಿರುವುವುದನ್ನು ನಿಲ್ಲಿಸಿದಳು.

"ಮಾವ ನಂಗೆ ಒಂದ್ಸಲ ತೋರ್ಸಿದ್ರು, ತಳದಿಂದ ತಿರುವ್ಬೇಕು ಅಂತ" ಎಂದಳು. ಆಮೇಲೆ ತೋಳು ಹೊರಗೆಳೆದು ಗಂಜಿ ಒರೆಸಿಕೊಂಡು, "ನಾನಾಗೇ ಕೊಟ್ರೆ ಆಗಲ್ವಂತಲ್ಲ ಅತ್ತೆ. ಕೇಳ್ಬಿಡಿ."

ನಾನು ಅವಳೆದುರು ನೆಲದ ಮೇಲೆ ಕೂತೆ. ಏಳು ಮನೆಯಲ್ಲಿ ಕೇಳಿ ಅಭ್ಯಾಸವಾಗಿತ್ತು ಎಂದುಕೊಂಡಿದ್ದೆ, ಎಂಟನೆಯದರಲ್ಲಿ ಮತ್ತೆ ಕಿವಿ ಬಿಸಿಯಾಯಿತು. ಜಯಶೀಲಾ, ನಿಮ್ಮವ್ವನ ಕೋಲು ಕೊಡ್ತೀಯಾ ಎಂದೆ. ಅವಳು ನನ್ನನ್ನು ನೋಡಿದಳು. ನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು, ಅಥವಾ ನಾನು ಗಮನಿಸಿದ್ದು ಅದೇ ಮೊದಲು.

"ತಗೊಳ್ಳಿ" ಎಂದಳು.

ತಗೊಳ್ಳಿ ಎಂದ ಕೂಡಲೇ ಗುಳುಕ್ ಎಂದಿತು ಎಂದು ಹೇಳಿದರೆ ಕಥೆಗೆ ಚೆಂದ, ಆದರೆ ಹಾಗೇನೂ ಆಗಲಿಲ್ಲ. ಮುಚ್ಚಳ ಹಾಕಿ ಇಬ್ಬರೂ ಸೇರಿ ಮಣ್ಣು ಮೆತ್ತಿದೆವು. ಮಧ್ಯಾಹ್ನ ಮಾದೇಶ ಊಟಕ್ಕೆ ಬಂದವನು ಎರಡು ತುತ್ತು ನುಂಗಿ, ಕಿವಿ ನಿಮಿರಿಸಿ, ಹಿತ್ತಿಲಲ್ಲಿ ಎಲ್ಲೋ ನಲ್ಲಿ ಸೋರುತ್ತಿದೆ ಎಂದು ಸ್ಪ್ಯಾನರ್ ಹುಡುಕಲು ಎದ್ದ. ನಾನೂ ಜಯಶೀಲಳೂ ಎಂಜಲು ಕೈಯಲ್ಲೇ ಓಡಿದೆವು. ಬಾಟಲಿಯ ನೀರಿನಲ್ಲಿ ಒಂದು ಗುಳ್ಳೆ ಎದ್ದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾನು ಹರವಿಗೆ ಕಿವಿಯಿಟ್ಟೆ. ಮೂವತ್ತೆರಡು ವರ್ಷ ನಮ್ಮ ಯಜಮಾನರು ಏನು ಕೇಳುತ್ತಿದ್ದರೋ ಅದು ನನಗೂ ಕೇಳಿಸಿತು, ಒಳಗೆ ತುಂಬ ಜನ ಮೆಲ್ಲಗೆ ಮಾತಾಡಿದ ಹಾಗೆ. ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಬದುಕಿದ್ದಾಗ ಅದರಲ್ಲಿ ಅರ್ಧ ತೋರಿಸಿದ್ದರೂ ಸಾಕಿತ್ತು.

ಎಡೆಯ ದಿನ ಮುದ್ದಯ್ಯ ಹಿರಿಯರ ಜೊತೆ ಬಂದ, ಗುದ್ದಲಿ ತರಲಿಲ್ಲ. ಹರವಿ ಇಳಿಸಿದ ಮೇಲೆ ಮೊದಲ ಲೋಟಗಳು ಸಾಮಾನು ಕೊಟ್ಟವರಿಗೆ, ಏನು ಕೊಟ್ಟರೋ ಅದನ್ನು ಹೇಳಿ ಹೆಸರು ಹಿಡಿದು ಕರೆದು ಕೊಡಬೇಕು. ಆ ದಿನ ಬೆಳಿಗ್ಗೆ ಮನಸ್ಸಿನಲ್ಲೇ ಹೆಸರುಗಳನ್ನು ಒಪ್ಪಿಸಿ ನೋಡುವಾಗ ಎಂಟನೆಯದಕ್ಕೆ ಬಂದು ನಿಂತೆ. ನಾಲ್ಕು ವರ್ಷ, ಮಾತು ಬಂದಾಗಲೆಲ್ಲ ತೀರಿಹೋದ ಬೀಗಿತ್ತಿ ಎಂದೇ ಅಂದಿದ್ದೆ, ಆ ಹೆಣ್ಣುಮಗಳ ಹೆಸರೇ ನನಗೆ ಗೊತ್ತಿರಲಿಲ್ಲ. ನಾಚಿಕೆ ಬಿಟ್ಟು ಜಯಶೀಲಳನ್ನು ಕೇಳಿದೆ. ಎಡೆಗೆ ಹೂ ಕಟ್ಟುತ್ತಿದ್ದವಳು ತಲೆಯೆತ್ತದೆ ಹೇಳಿದಳು.

ನುಗ್ಗೆಮರದ ಕೆಳಗೆ ಅರ್ಧ ಊರು ಸೇರಿತ್ತು. ಹರವಿ ಕೊಟ್ಟ ಮುದ್ದಯ್ಯ ಎಂದೆ, ಅವನು ಲೋಟ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಕುಡಿದ. ಕೊಳವೆ ಕೊಟ್ಟ ಗುರುಪಾದಪ್ಪ ಔಷಧಿ ಕುಡಿಯುವವನ ಹಾಗೆ ಒಂದೇ ಗುಟುಕಿಗೆ ಇಳಿಸಿದ. ಮೊರ ಕೊಟ್ಟ ಮರಿಲಿಂಗಮ್ಮ ಬಾಯಲ್ಲಿ ತಿರುಗಿಸಿ ನೋಡಿ, ಬೋರಣ್ಣನ ಕೈ ಇಲ್ಲ ಇದರಲ್ಲಿ, ಹುಳಿ ಒಂದು ಚೂರು ಜಾಸ್ತಿ ಎಂದಳು. ಆಮೇಲೆ ಲೋಟ ಮುಂದೆ ಹಿಡಿದು ಇನ್ನೊಂದಿಷ್ಟು ಹಾಕು ಎಂದಳು. ಕೊನೆಯ ಲೋಟ ತುಂಬಿಕೊಂಡು ನಾನು ಎದ್ದು ನಿಂತೆ. ಜಯಶೀಲ ಅಡಿಗೆಮನೆಯ ಬಾಗಿಲಲ್ಲಿ ತನಗೂ ಇದಕ್ಕೂ ಸಂಬಂಧವಿಲ್ಲದ ಹಾಗೆ ನಿಂತಿದ್ದಳು.

"ಕೋಲು ಕೊಟ್ಟ ದೇವೀರಮ್ಮ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. "ಅದನ್ನ ನಮ್ಮನೆಗೆ ತಂದ ಜಯಶೀಲ."

ಅವಳು ಬರಲಿಲ್ಲ. ನಾನೇ ಲೋಟ ಹಿಡಿದು ಹತ್ತಿರ ಹೋದೆ. ತೆಗೆದುಕೊಂಡಳು, ಅವ್ವನ ಹೆಸರಿನಲ್ಲಿ ನಾಲ್ಕು ಹನಿ ಕುಳಿಯ ಅಂಚಿಗೆ ಚೆಲ್ಲಿದಳು, ಉಳಿದದ್ದನ್ನು ನನ್ನ ಎದುರಿನಲ್ಲೇ ಪೂರ್ತಿ ಕುಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹುಳಿ ಜಾಸ್ತಿ ಆಗಿದೆ ಅತ್ತೆ ಎಂದು ಆ ನೀರಿನ ತಪ್ಪನ್ನು ಹೆಂಡದ ಮೇಲೆ ಹಾಕಿದಳು.

ಕಡಿದ ತುಂಡನ್ನು ಬಡಗಿಯ ಹತ್ತಿರ ಕೊಟ್ಟು ಕೂಡಿಸಿಕೊಡಲೇ ಎಂದು ಕೇಳಿದ್ದೆ, ಬೇಡ ಎಂದಳು. ಅದು ಗೂಡಿನಲ್ಲೇ ಇದೆ, ಆಗಾಗ ಅವಳು ಅದನ್ನು ಹಿಡಿದು ಸುಮ್ಮನೆ ಕೂರುವುದನ್ನು ನೋಡುತ್ತೇನೆ, ನೋಡದವಳಂತೆ ಹೋಗುತ್ತೇನೆ. ಅದನ್ನು ಕೂಡಿಸುವುದು ನನ್ನಿಂದಾಗುವ ಕೆಲಸವಲ್ಲ. ಗಿಡ್ಡ ಕೋಲು ಮೊಳೆಯ ಮೇಲಿರುತ್ತದೆ. ಈಗ ನಾವಿಬ್ಬರೂ ಸೇರಿಯೇ ಹರವಿ ಇಡುತ್ತೇವೆ, ಇದು ಐದನೆಯದು. ಒಮ್ಮೆ ಕೊಟ್ಟ ಸಾಮಾನನ್ನು ಮತ್ತೆ ಕೇಳಬೇಕೆಂದು ನಮ್ಮ ಊರಿನಲ್ಲಿ ನಿಯಮವೇನೂ ಇಲ್ಲ. ಆದರೂ ನಾನು ಪ್ರತಿ ಸಲ ಕೇಳುತ್ತೇನೆ. ಅವಳು ಪ್ರತಿ ಸಲ, ಕೊಡಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸುವವಳ ಹಾಗೆ ಮಾಡಿ, ಆಮೇಲೆ ಕೊಡುತ್ತಾಳೆ.